ಕರೆದರೆ ಎಷ್ಟು ಹೊತ್ತಿಗೆ ಬರ್ತೀರಿ?

ಕೇಳುಗರಿಗೆ ನಮಸ್ಕಾರ. ಬೇರೆ ದೇಶದ ಸೇನೆಗೆ ತರಬೇತಿ, ಸಲಹೆ ಕೊಡಲು ಹೋಗುವ ಸೈನಿಕರ ಬಗ್ಗೆ, ಅವರು ಕರೆದಾಗ ನೆರವು ಎಷ್ಟು ಹೊತ್ತಿಗೆ ಬರುತ್ತೆ ಅನ್ನೋದರ ಬಗ್ಗೆ ಇವತ್ತಿನ ಮಾತು.

2022ರಲ್ಲಿ ಜಪಾನ್ ಸೈನಿಕರು ನಮ್ಮ ಬೆಳಗಾವಿಗೆ ಬಂದಿದ್ದರು, ‘ಧರ್ಮ ಗಾರ್ಡಿಯನ್’ ಅನ್ನುವ ಜಂಟಿ ತಾಲೀಮಿಗೆ. ಮರಾಠಾ ಲೈಟ್ ಇನ್‌ಫೆಂಟ್ರಿಯ ಊರು ಇದು, ಮಿಲಿಟರಿಯವರು ನಮಗೆ ಹೊಸಬರಲ್ಲ. ಬೇರೆ ದೇಶದ ಸೈನಿಕರ ಜೊತೆ ಕೆಲಸ ಅಂದರೆ ನಮಗೆ ನೆನಪಾಗೋದು ಇಂಥದ್ದೇ. ಕೂಡಿ ಓಡೋದು, ಕೂಡಿ ಊಟ, ಕೊನೆಗೊಂದು ಗ್ರೂಪ್ ಫೋಟೋ. ಭೂತಾನದಲ್ಲೂ ನಮ್ಮ ಸೇನೆಯ ತರಬೇತಿ ತಂಡ 1960ರ ದಶಕದಿಂದ ಇದೆ. ಸ್ನೇಹದ ನೆಲ ಅದು.

ಯುದ್ಧ ನಡೆಯುವ ದೇಶದಲ್ಲಿ, ಅಲ್ಲಿನ ಸೇನೆಗೆ ಸಲಹೆಗಾರರಾಗಿ ಹೋದವರ ಕೆಲಸದ ಬಣ್ಣವೇ ಬೇರೆ. ಹತ್ತು ಹನ್ನೆರಡು ಜನ, ಸುತ್ತ ಪರದೇಶದ ಪಡೆ. ಊಟ, ನಿದ್ದೆ, ಗಸ್ತು ಎಲ್ಲ ಅವರೊಂದಿಗೇ. ಹುಕುಂ ಕೊಡುವ ಅಧಿಕಾರವಿಲ್ಲ, ಸಲಹೆ ಕೊಡಬಹುದು ಅಷ್ಟೇ. ಇಬ್ಬರಿಗೆ ಗುಂಡು ತಗುಲಿ, ಅವರನ್ನು ಹೊರಲು ನಾಲ್ವರು ನಿಂತರೆ ಅರ್ಧ ತಂಡ ಅಲ್ಲಿಗೇ ಮುಗಿಯಿತು.

ಇದು ಇವತ್ತಿನ ಕಥೆಯಲ್ಲ. 1959ರ ಜುಲೈನಲ್ಲಿ, ದಕ್ಷಿಣ ವಿಯೆಟ್ನಾಂನ ಬಿಯೆನ್ ಹೋವಾದಲ್ಲಿ ಅಮೆರಿಕದ ಸಲಹೆಗಾರರು ರಾತ್ರಿ ಊಟದ ಹಾಲ್‌ನಲ್ಲಿ ಸಿನಿಮಾ ನೋಡ್ತಿದ್ದರು. ರೀಲ್ ಬದಲಿಸಬೇಕು ಅಂತ ಒಬ್ಬ ಎದ್ದು ಲೈಟ್ ಹಾಕಿದ. ಕಿಟಕಿಯ ಹೊರಗೆ ಕತ್ತಲಲ್ಲಿ ಹೊಂಚು ಹಾಕಿದವರಿಗೆ ಅಷ್ಟೇ ಬೇಕಿತ್ತು. ಇಬ್ಬರು ಅಮೆರಿಕನ್ನರು ಸತ್ತರು.

ಎದುರಿನ ಶತ್ರುವಿಗಿಂತ ಜಾಸ್ತಿ ಕಾಡೋದು ಪಕ್ಕದಲ್ಲಿರುವವನ ಬಗೆಗಿನ ಅನುಮಾನ. ಅಫ್ಘಾನಿಸ್ತಾನದಲ್ಲಿ ಸಮವಸ್ತ್ರ ತೊಟ್ಟ ಜೊತೆಗಾರನೇ ಗುಂಡು ಹಾರಿಸಿದ ಘಟನೆಗಳು 2012ರ ಹೊತ್ತಿಗೆ ವಿಪರೀತ ಆದವು. 2014ರ ಆಗಸ್ಟ್ 5ರಂದು ಕಾಬೂಲಿನ ಸೇನಾ ತರಬೇತಿ ಸಂಸ್ಥೆಯಲ್ಲಿ ಅಮೆರಿಕದ ಮೇಜರ್ ಜನರಲ್ ಹೆರಾಲ್ಡ್ ಗ್ರೀನ್ ಸತ್ತದ್ದು ಅಫ್ಘನ್ ಸೈನಿಕನ ಗುಂಡಿಗೇ. ಇಂಥ ದಾಳಿಗಳು ಹೆಚ್ಚಾದಂತೆ, ಅಫ್ಘನ್ ಅಧಿಕಾರಿಯ ಜೊತೆ ಚಹಾ ಕುಡಿಯುತ್ತ ಕೂತಾಗಲೂ ತಂಡದ ಒಬ್ಬ ಬಾಗಿಲ ಬಳಿ ತುಂಬಿದ ಬಂದೂಕು ಹಿಡಿದು ನಿಲ್ಲುವುದು ರೂಢಿಯಾಯಿತು. ಚಹಾ ಕೊಟ್ಟವನಿಗೆ ಹೇಗನಿಸಿರಬೇಕು? ನಂಬಿಕೆ ಬೆಳೆಯಬೇಕಾದರೆ ಹೆಲ್ಮೆಟ್ ತೆಗೆದು ಕೂರಬೇಕು. ಜೀವ ಉಳಿಯಬೇಕಾದರೆ ತೆಗೆಯಬಾರದು. ಇದಕ್ಕೆ ಸರಿಯಾದ ಉತ್ತರ ಯಾವ ಸೇನೆಯ ಹತ್ತಿರವೂ ಇದ್ದಂತೆ ಕಾಣಲ್ಲ.

ಆದರೆ ನನಗೆ ಇದಕ್ಕಿಂತ ದೊಡ್ಡದು ಅನಿಸೋದು ಇನ್ನೊಂದು ಅಪಾಯ, ತನ್ನವರೇ ಹೊತ್ತಿಗೆ ಬಾರದಿರುವುದು. 2009ರ ಸೆಪ್ಟೆಂಬರ್ 8, ಅಫ್ಘಾನಿಸ್ತಾನದ ಕುನಾರ್ ಪ್ರಾಂತದ ಗಂಜ್‌ಗಲ್. ಊರ ಹಿರಿಯರನ್ನು ಭೇಟಿಯಾಗಲು ಅಫ್ಘನ್ ಪಡೆಯ ಜೊತೆ ಅಮೆರಿಕದ ಸಲಹೆಗಾರರು ಬೆಳಗಿನ ಜಾವ ಕಣಿವೆ ಹತ್ತಿದರು. ಮೂರು ಕಡೆಯಿಂದ ಗುಂಡು ಬಿತ್ತು. ರೇಡಿಯೋದಲ್ಲಿ ಫಿರಂಗಿ ಬೆಂಬಲ ಕೇಳಿದರು, ಮತ್ತೆ ಮತ್ತೆ ಕೇಳಿದರು. ಬೇಕಾದಷ್ಟು ಸಿಗಲಿಲ್ಲ. ಅಮೆರಿಕದ ಮರೀನ್ ಪಡೆಯ ಮೂವರು ಸೈನಿಕರು, ಒಬ್ಬ ನೌಕಾಪಡೆಯ ವೈದ್ಯ ಸಹಾಯಕ ಅಲ್ಲೇ ಸತ್ತರು. ಅಫ್ಘನ್ ಸೈನಿಕರೂ ಸತ್ತರು, ಒಬ್ಬ ಅಫ್ಘನ್ ದುಭಾಷಿಯೂ. ಆಮೇಲೆ ನಡೆದ ತನಿಖೆ, ಹಿಂದೆ ಕಮಾಂಡ್ ಕೇಂದ್ರದಲ್ಲಿ ಕೂತವರ ಬೇಜವಾಬ್ದಾರಿಯನ್ನು ನೇರವಾಗಿ ಹೇಳಿತು. ಬದುಕಿ ಬಂದ ಇಬ್ಬರಿಗೆ ಅಮೆರಿಕದ ಅತಿ ದೊಡ್ಡ ಶೌರ್ಯ ಪದಕ ಸಿಕ್ಕಿತು. ಪದಕ ಕೊಡೋದು ಸುಲಭ ಬಿಡಿ.

ಪಶ್ಚಿಮ ಆಫ್ರಿಕಾದ ನೈಜರ್ ದೇಶದ ತೊಂಗೊ ತೊಂಗೊ ಹಳ್ಳಿ, 2017ರ ಅಕ್ಟೋಬರ್ 4. ಹೊಂಚುದಾಳಿಯಲ್ಲಿ ನಾಲ್ವರು ಅಮೆರಿಕನ್ ಸೈನಿಕರು, ಜೊತೆಗೆ ನೈಜರ್‌ನವರೂ ಸತ್ತರು. ಗುಂಡು ಶುರುವಾಗಿ ಸುಮಾರು ಒಂದು ಗಂಟೆ ಆದ ಮೇಲೆ ತಂಡ ಸಹಾಯ ಕೇಳಿತ್ತು. ಅದಾದ ಮೇಲೆ ಫ್ರೆಂಚ್ ವಿಮಾನ ಬರಲು ಮತ್ತೆ ಮುಕ್ಕಾಲು ಗಂಟೆ. ಹೊರಡುವ ಮುಂಚೆ ನೈಜರ್ ಸೈನಿಕರ ಜೊತೆ ತಾಲೀಮು ಮಾಡಿರಲಿಲ್ಲ ಅಂತಲೂ ತನಿಖೆ ಹೇಳಿತು. ಗುಂಡು ಬಿದ್ದರೆ ಯಾವ ಗಾಡಿ ಎತ್ತ ತಿರುಗಬೇಕು, ಗಾಯಗೊಂಡವನನ್ನು ಯಾರು ಎತ್ತಬೇಕು, ಇಂಥ ಸಣ್ಣ ಸಣ್ಣ ವಿಷಯಗಳೇ ಅಲ್ವಾ ತಾಲೀಮು ಅಂದರೆ? ಒಂದೇ ಭಾಷೆ ಆಡದ ಎರಡು ಸೇನೆಗಳಿಗೆ ಅದು ಇನ್ನೂ ಜಾಸ್ತಿ ಬೇಕು.

ದುಭಾಷಿಯ ಮಾತು ಬಂತಲ್ಲ, ಅವನ ಬಗ್ಗೆಯೂ ಒಂದಿಷ್ಟು. ತಂಡದ ಕಿವಿ, ಬಾಯಿ ಎರಡೂ ಅವನೇ. ಪದಕದ ಪಟ್ಟಿಯಲ್ಲಿ ಅವನ ಹೆಸರು ಹುಡುಕಿದರೂ ಸಿಗೋದು ಕಷ್ಟ. ಸಲಹೆಗಾರರು ಅವಧಿ ಮುಗಿಸಿ ಮನೆಗೆ ಹೋಗುತ್ತಾರೆ, ಅವನ ಮನೆ ಇರೋದು ಅಲ್ಲೇ. 2021ರಲ್ಲಿ ಅಮೆರಿಕ ಅಫ್ಘಾನಿಸ್ತಾನ ಬಿಟ್ಟಾಗ ಇಂಥ ಎಷ್ಟೋ ದುಭಾಷಿಗಳು, ಅವರ ಹೆಂಡತಿ ಮಕ್ಕಳು ವೀಸಾ ಸಿಗದೆ ಅಲ್ಲೇ ಉಳಿದರು.

ನಮಸ್ಕಾರ.