ಅಟ್ಟಕ್ಕೆ ಏಸಿ ಕೊಳ್ಳುವ ಮೊದಲು

ಕೇಳುಗರೆಲ್ಲರಿಗೂ ನಮಸ್ಕಾರ.

ಉಡುಪಿ, ಮಂಗಳೂರು, ಕುಂದಾಪುರದ ಕಡೆ ಹಂಚಿನ ಮನೆಯಲ್ಲಿ ಬೆಳೆದವರಿಗೆ ಅಟ್ಟ ಅಂದರೆ ಏನು ಅಂತ ಹೇಳಬೇಕಾಗಿಲ್ಲ. ಅಕ್ಕಿ ಮುಡಿ, ಒಣಗಿದ ತೆಂಗಿನಕಾಯಿ, ಉಪ್ಪಿನಕಾಯಿ ಭರಣಿ, ಹಳೆಯ ತೊಟ್ಟಿಲು, ಎಲ್ಲ ಅಲ್ಲೇ. ಈಗ ಅದೇ ಅಟ್ಟಕ್ಕೆ ಮನುಷ್ಯರು ಹತ್ತುತ್ತಿದ್ದಾರೆ. ಮಗಳಿಗೆ ಓದೋಕೆ ಕೋಣೆ ಬೇಕು. ಮಗ ಬೆಂಗಳೂರಿನ ಕಂಪನಿ ಕೆಲಸವನ್ನು ಮನೆಯಿಂದಲೇ ಮಾಡುತ್ತಾನೆ. ಕೆಳಗೆ ಜಾಗ ಇಲ್ಲ, ಅಟ್ಟ ಖಾಲಿ ಇದೆ. ಏಪ್ರಿಲ್ ಬಂತೆಂದರೆ ಮಾತ್ರ ಅಲ್ಲಿ ಕೂರೋಕೆ ಆಗೋದಿಲ್ಲ. ಆಗ ಎಲ್ಲರ ಬಾಯಲ್ಲೂ ಒಂದೇ ಮಾತು, ಒಂದು ಏಸಿ ಹಾಕಿಸಿಬಿಡೋಣ.

ನಾವೂ ಹಾಗೇ ಅಂದುಕೊಂಡು ಅಂಗಡಿಗೆ ಹೋದೆವು. ಕೋಣೆ ಎಷ್ಟು ದೊಡ್ಡದು ಅಂತ ಕೇಳಿದರು. 12 ಅಡಿಗೆ 14 ಅಡಿ ಅಂದೆ. ಒಂದೂವರೆ ಟನ್ ಸಾಕು ಅಂದರು. ಅಟ್ಟದ ಕೋಣೆ ಅಂತ ನಾನೇ ಬಾಯಿಬಿಟ್ಟು ಹೇಳಿದ ಮೇಲೆ, ಹಾಗಾದರೆ ಎರಡು ಟನ್ ತಗೊಳ್ಳಿ ಅಂದರು. ಮಾಡು, ಅಂದರೆ ಮನೆಯ ಚಾವಣಿ, ಎಂಥದ್ದು ಅಂತ ಯಾರೂ ಕೇಳಲಿಲ್ಲ. ಮನಸ್ಸು ಒಪ್ಪಲಿಲ್ಲ, ವಾಪಸ್ ಬಂದೆ. ಮಧ್ಯಾಹ್ನ ಎರಡೂವರೆಗೆ ಅಟ್ಟ ಹತ್ತಿ, ಸ್ಟೂಲಿನ ಮೇಲೆ ನಿಂತು, ಹಂಚಿನ ಒಳಮೈಗೆ ಅಂಗೈ ಇಟ್ಟೆ. ಮೂರು ಎಣಿಸುವಷ್ಟರಲ್ಲಿ ಕೈ ತೆಗೆಯಬೇಕಾಯಿತು.

ಅಲ್ಲಿ ಸೆಕೆಯ ಮೂಲ ಗಾಳಿಯಲ್ಲ, ಹಂಚು. ಒಲೆಯ ಮುಂದೆ ಕೂತರೆ ಮುಖಕ್ಕೆ ಕಾವು ಬಡಿಯುತ್ತದಲ್ಲ, ಹಾಗೆ ಅದು ಸೀದಾ ತಲೆಯ ಮೇಲೆ ಇಳಿಯುತ್ತದೆ. ಏಸಿ ಗಾಳಿಯನ್ನು ತಣ್ಣಗೆ ಮಾಡಬಹುದು. ಕಾದ ಹಂಚಿನ ಕೆಳಗೆ ಕೂತವರಿಗೆ ಮೈ ತಣ್ಣಗಿದ್ದರೂ ತಲೆ ಸುಡುತ್ತಲೇ ಇರುತ್ತದೆ.

ನಮ್ಮ ಹಂಚಿನ ಮಾಡಿನ ಮೇಲೆ ನನಗೆ ತುಂಬ ಗೌರವ ಇದೆ. 1865ರಲ್ಲಿ ಬಾಸೆಲ್ ಮಿಶನ್‌ನವರು ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದರು. ಆ ಹಂಚುಗಳು ಒಂದಕ್ಕೊಂದು ಕಚ್ಚಿಕೊಂಡು ಕೂರುತ್ತವೆ. ಮಳೆ ನೀರು ಒಳಗೆ ಇಳಿಯೋದಿಲ್ಲ, ಬಿಸಿಗಾಳಿ ಮಾತ್ರ ಸಂದಿಯಿಂದ ಹೊರಗೆ ಹೋಗುತ್ತದೆ. ಉಳಿದ ಕಾವು ಅಟ್ಟದಲ್ಲೇ ನಿಲ್ಲುತ್ತದೆ, ಮರದ ಮುಚ್ಚಿಗೆ ಅದನ್ನು ಕೆಳಗೆ ಬಿಡೋದಿಲ್ಲ. ಮನೆಗೆ ಅಟ್ಟವೇ ಕೊಡೆ. ನಾವೀಗ ಆ ಕೊಡೆಯ ಒಳಗೇ ಹೋಗಿ ಕೂರುತ್ತಿದ್ದೇವೆ, ಅಲ್ವಾ?

ಸ್ವಲ್ಪ ಲೆಕ್ಕ ನೋಡೋಣ. ಏಸಿಯ ಟನ್ ಅಂದರೆ ಯಂತ್ರದ ತೂಕ ಅಲ್ಲ. ಒಂದು ಟನ್ ಮಂಜುಗಡ್ಡೆ 24 ಗಂಟೆಯಲ್ಲಿ ಕರಗುವಾಗ ಎಷ್ಟು ಶಾಖ ಹೀರುತ್ತದೋ, ಆ ವೇಗದಲ್ಲಿ ಶಾಖ ಹೊರಹಾಕುವ ಶಕ್ತಿ. ಅದು ಸುಮಾರು ಮೂರೂವರೆ ಕಿಲೋವ್ಯಾಟ್. ಇನ್ನು ಬಿಸಿಲು. ನಡುಮಧ್ಯಾಹ್ನ ನೆತ್ತಿಯ ಮೇಲಿನ ಸೂರ್ಯ ಒಂದು ಚದರ ಮೀಟರಿಗೆ ಹತ್ತಿರ ಹತ್ತಿರ ಒಂದು ಕಿಲೋವ್ಯಾಟ್ ಸುರಿಯುತ್ತಾನೆ. ನಮ್ಮ ಕೋಣೆಯ ಮೇಲೆ ಅಂಥ 15 ಚದರ ಮೀಟರ್ ಇದೆ. ಅಷ್ಟೂ ಒಳಗೆ ಬರೋದಿಲ್ಲ, ನಿಜ. ಆದರೂ ಈ ಜಗಳದಲ್ಲಿ ಏಸಿ ಒಂದನ್ನೇ ನಂಬಿದರೆ ಕರೆಂಟ್ ಬಿಲ್ಲು ಕಟ್ಟಿ ಕಟ್ಟಿ ಸುಸ್ತಾಗುತ್ತೀರಿ. ಹಾಗಾಗಿ ದಯವಿಟ್ಟು ಮೊದಲ ದುಡ್ಡನ್ನು ಮಾಡಿಗೆ ಹಾಕಿ.

ಒಡೆದ ಹಂಚು ಬದಲಾಯಿಸಿ. ಒಳಗೆ ಸೀಲಿಂಗ್ ಹೊಡೆದ ಮೇಲೆ ಸೋರುವ ಜಾಗ ಕಣ್ಣಿಗೆ ಬೀಳೋದಿಲ್ಲ, ಪಕ್ಕಾಸು, ಅಂದರೆ ಹಂಚು ಹೊರುವ ಮರ, ಕೊಳೆತ ಮೇಲೇ ಗೊತ್ತಾಗೋದು. ಆಮೇಲೆ ಪಕ್ಕಾಸುಗಳ ಕೆಳಗೆ ಸೀಲಿಂಗ್, ಅದರ ಬೆನ್ನಿಗೆ ರಾಕ್‌ವೂಲ್, ಅಂದರೆ ಕಾವು ತಡೆಯುವ ಕಲ್ಲಿನ ನಾರಿನ ಹಾಸು. ಥರ್ಮೋಕೋಲ್ ಅಗ್ಗ, ಆದರೆ ಬೆಂಕಿಗೆ ಬೇಗ ಸಿಗುತ್ತದೆ. ಹಳೆಯ ವೈರಿಂಗ್ ಇರುವ ಮರದ ಮಾಡಿಗೆ ನಾನು ಅದನ್ನು ಹೇಳೋದಿಲ್ಲ. ಮಿರಿಮಿರಿ ಮಿಂಚುವ ಅಲ್ಯೂಮಿನಿಯಂ ಹಾಳೆಯೂ ಒಳ್ಳೆಯದೇ. ಅದರ ಮಿಂಚುವ ಮೈ ಮುಂದೆ ಒಂದಿಂಚಿನಷ್ಟಾದರೂ ಗಾಳಿಗೆ ಜಾಗ ಇರಬೇಕು, ಹಂಚಿಗೆ ಅಂಟಿಸಿದರೆ ಅದು ಕಾದ ತಗಡು ಅಷ್ಟೇ. ಹಂಚಿಗೂ ಸೀಲಿಂಗಿಗೂ ನಡುವಿನ ಜಾಗವನ್ನು ಸೂರಿನ ಹತ್ತಿರ, ಮಾಡಿನ ಮೇಲ್ತುದಿಯ ಹತ್ತಿರ ಬಲೆ ಹಾಕಿ ತೆರೆದೇ ಇಡಿ. ಬಿಸಿಗಾಳಿ ಹಳೆಯ ದಾರಿಯಲ್ಲೇ ಹೋಗಲಿ. ಗಾಜಿನ ಹಂಚು ಇದ್ದರೆ ತೆಗೆಸಿ.

ಇನ್ನೊಂದು, ಏಣಿಮೆಟ್ಟಿಲು. ನೆಂಟರ ಮನೆಯೊಂದರಲ್ಲಿ ಅಟ್ಟಕ್ಕೆ ಏಸಿ ಹಾಕಿಸಿದ್ದರು. ಮೆಟ್ಟಿಲಿಗೆ ಬಾಗಿಲು ಇರಲಿಲ್ಲ. ನಾನು ಕೆಳಗಿನ ಮೆಟ್ಟಿಲಿನಲ್ಲಿ ಕೂತು ಚಾ ಕುಡಿಯುತ್ತಿದ್ದೆ. ಪಾದಕ್ಕೆ ತಣ್ಣನೆಯ ಗಾಳಿ, ನೀರು ಹರಿದ ಹಾಗೆ. ಮೇಲೆ ಹುಡುಗ ಬೆವರು ಒರೆಸಿಕೊಳ್ಳುತ್ತಿದ್ದ. ತಣ್ಣನೆಯ ಗಾಳಿ ಭಾರ, ಅದು ಕೆಳಗೆ ಇಳಿಯುತ್ತದೆ. ಇಳಿದಷ್ಟೂ ಮೇಲಿನ ಸಂದಿಯಿಂದ ಬಿಸಿಗಾಳಿ ಒಳಗೆ ಬರುತ್ತದೆ. ಅವರು ಒಂದು ಬಾಗಿಲು ಕೂರಿಸಿದರು. ಅದೇ ಏಸಿ, ಕೋಣೆ ತಂಪಾಯಿತು.

ಇಷ್ಟಾದ ಮೇಲೆ ಅಂಗಡಿಗೆ ಹೋಗಿ. ನಮಗೆ ಎರಡು ಟನ್ ಬೇಕಾಗಲಿಲ್ಲ, ಒಂದೂವರೆ ಟನ್ನಿನ ಇನ್ವರ್ಟರ್ ಏಸಿ, ಅಂದರೆ ಬೇಕಾದಂತೆ ವೇಗ ಹೆಚ್ಚು ಕಡಿಮೆ ಮಾಡಿಕೊಂಡು ಓಡುವ ಏಸಿ, ಸಾಕಾಯಿತು. ದೊಡ್ಡದು ತಗೊಂಡರೆ ಒಳ್ಳೆಯದಲ್ವಾ ಅಂತ ಕೇಳುವವರಿದ್ದಾರೆ. ಕರಾವಳಿಯಲ್ಲಂತೂ ಅಲ್ಲ. ದೊಡ್ಡ ಏಸಿ ಬೇಗ ತಂಪು ಮಾಡಿ ಬೇಗ ನಿಲ್ಲುತ್ತದೆ. ಗಾಳಿಯ ಪಸೆ ಹೋಗಬೇಕಾದರೆ ಯಂತ್ರ ತುಂಬ ಹೊತ್ತು ಮೆಲ್ಲಗೆ ಓಡಬೇಕು. ಇಲ್ಲದಿದ್ದರೆ ಕೋಣೆ ತಣ್ಣಗೆ, ಹಾಸಿಗೆ ಅಂಟು ಅಂಟು. ಕಲಬುರಗಿ, ರಾಯಚೂರಿನವರಿಗೆ ಈ ಕಷ್ಟ ಇಲ್ಲ. ಅಲ್ಲಿನ ಒಣಗಾಳಿಗೆ ನೀರಿನ ಏರ್‌ಕೂಲರ್ ಚೆನ್ನಾಗಿ ಕೆಲಸ ಮಾಡುತ್ತದೆ. ನಮ್ಮಲ್ಲಿ ಅದನ್ನು ಇಟ್ಟರೆ ಸೆಕೆ ಇನ್ನೂ ಜಾಸ್ತಿ.

ಚಕ್ರ ಇರುವ ಪೋರ್ಟಬಲ್ ಏಸಿ ಅಟ್ಟಕ್ಕೆ ಸುಲಭ ಅಂತ ಕಾಣುತ್ತದೆ. ಒಂದೇ ಕೊಳವೆಯದಾದರೆ ಬೇಡ. ಅದು ಕೋಣೆಯ ಗಾಳಿಯನ್ನೇ ಎಳೆದು ಹೊರಗೆ ತಳ್ಳುತ್ತದೆ, ಆ ಜಾಗಕ್ಕೆ ಹೊರಗಿನ ಬಿಸಿಗಾಳಿ ನುಗ್ಗುತ್ತದೆ. ಸ್ಪ್ಲಿಟ್ ಏಸಿಯೇ ವಾಸಿ. ಒಳಗಿನ ಪೆಟ್ಟಿಗೆಯನ್ನು ಮಾಡು ತ್ರಿಕೋನವಾಗಿ ಕೂಡುವ ಎತ್ತರದ ಗೋಡೆಗೆ ಕೂರಿಸಿ, ಗಾಳಿ ಕೋಣೆಯ ಉದ್ದಕ್ಕೂ ಹೋಗಲಿ. ಹೊರಗಿನ ಪೆಟ್ಟಿಗೆಯನ್ನು ಹಂಚಿನ ಮೇಲೆ ಇಡಿಸಲೇಬೇಡಿ. ಅದರ ನಡುಕಕ್ಕೆ ಹಂಚು ಒಡೆಯುತ್ತದೆ. ಅದಕ್ಕಿಂತ ಮುಖ್ಯ, ರಿಪೇರಿಗೆ ಬರುವ ಹುಡುಗನಿಗೆ ಕಾಲಿಡೋಕೆ ಗಟ್ಟಿ ಜಾಗ ಬೇಕು. ಹಂಚು ಜಾರಿ ಬಿದ್ದರೆ ಅವನ ಸೊಂಟ ಮುರಿಯುತ್ತದೆ. ನೆರಳಿರುವ ಗೋಡೆ, ಏಣಿಗೆ ಸಿಗುವ ಎತ್ತರ ನೋಡಿ. ಸಮುದ್ರ ಹತ್ತಿರ ಇದ್ದರೆ ತಾಮ್ರದ ಕಾಯಿಲ್, ಉಪ್ಪುಗಾಳಿ ತಡೆಯುವ ಲೇಪನ ಇದೆಯಾ ಅಂತ ಕೇಳಿ.

ಏಸಿಯ ಮೇಲೆ ಅಂಟಿಸಿರುವ, ಕರೆಂಟ್ ಉಳಿತಾಯ ತೋರಿಸುವ ಸ್ಟಾರ್ ಲೇಬಲ್ಲಿನಲ್ಲಿ ವರ್ಷಕ್ಕೆ ಎಷ್ಟು ಯೂನಿಟ್ ಅಂತ ಬರೆದಿರುತ್ತದೆ. ಅದು 1,600 ಗಂಟೆಯ ಲೆಕ್ಕ, ಅಂದರೆ ದಿನಕ್ಕೆ 8 ಗಂಟೆಯಂತೆ 200 ದಿನ. ನೀವು ಎಷ್ಟು ಹೊತ್ತು ಹಾಕುತ್ತೀರಿ ಅಂತ ನೋಡಿಕೊಂಡು ಹೋಲಿಸಿ. 2020ರಿಂದ ಹೊಸ ಏಸಿಗಳು 24 ಡಿಗ್ರಿಗೆ ಹೊಂದಿಸಿಕೊಂಡೇ ಬರುತ್ತವೆ. ಮಾಡಿಗೆ ಸೀಲಿಂಗ್ ಆದ ಮೇಲೆ ನಮ್ಮ ಮನೆಯಲ್ಲಿ 26ಕ್ಕಿಟ್ಟು ಫ್ಯಾನ್ ಹಾಕುತ್ತೇವೆ, ಸಾಕಾಗುತ್ತದೆ. ಅಟ್ಟದ ಹಳೆಯ ಬಲ್ಬಿನ ವೈರಿಗೆ ಏಸಿ ಜೋಡಿಸಬೇಡಿ. ಮೀಟರ್ ಬೋರ್ಡಿನಿಂದಲೇ ಬೇರೆ ದಪ್ಪ ವೈರು, ಬೇರೆ ಎಂಸಿಬಿ (ಕರೆಂಟ್ ಹೆಚ್ಚಾದರೆ ತಾನೇ ಆಫ್ ಆಗುವ ಸ್ವಿಚ್ಚು), ಸರಿಯಾದ ಅರ್ಥಿಂಗ್ ಬೇಕು. ಸುತ್ತಲೂ ಮರ ಇದೆ, ನೆನಪಿರಲಿ.

ನಮ್ಮ ಕಡೆ ಮಳೆಗಾಲದಲ್ಲೂ ಏಸಿ ಉಪಯೋಗಕ್ಕೆ ಬರುತ್ತದೆ. ಜುಲೈಯಲ್ಲಿ ಅಟ್ಟದ ಪುಸ್ತಕಕ್ಕೆ ಬೂಷ್ಟು ಹಿಡಿಯುವಾಗ ದಿನಕ್ಕೆ ಸ್ವಲ್ಪ ಹೊತ್ತು ಡ್ರೈ ಮೋಡ್ ಹಾಕುತ್ತೇವೆ. ಪೈಪಿನ ಕೆಳಗೆ ಬಕೆಟ್ ಇಟ್ಟಿದ್ದೇವೆ. ಗಾಳಿಯಲ್ಲಿದ್ದ ನೀರು ಟಪ್ ಟಪ್ ಅಂತ ಅದಕ್ಕೆ ಬೀಳುತ್ತದೆ. ಬೇಸಿಗೆಯಲ್ಲಿ ಆ ನೀರನ್ನು ಅಮ್ಮ ಹಿತ್ತಲಿನ ಬೇವಿನಸೊಪ್ಪಿನ ಗಿಡಕ್ಕೆ ಹಾಕುತ್ತಾರೆ.

ನಮಸ್ಕಾರ.