ಬರೆದಾಯ್ತು ಎಂದರೆ ಎಲ್ಲಿಗೆ ಬರೆದಾಯ್ತು?

ಕೇಳುಗರಿಗೆ ನಮಸ್ಕಾರ. ಪ್ರೋಗ್ರಾಂ ಒಂದು ಫೈಲಿಗೆ ಬರೆಯುವ ಕೆಲಸವನ್ನು ಹಿನ್ನೆಲೆಗೆ ಒಪ್ಪಿಸಿ, ತಾನು ಕಾಯದೆ ಮುಂದಿನ ಕೆಲಸ ನೋಡಿಕೊಳ್ಳುವುದಕ್ಕೆ ಅಸಿಂಕ್ರನಸ್ ಬರವಣಿಗೆ ಎನ್ನುತ್ತೇವೆ. ಇವತ್ತಿನ ಮಾತು ಅದರ ಬಗ್ಗೆ. ನೀವು ಬಳಸುವ ಭಾಷೆ ಸಿ ಇರಲಿ, ರಸ್ಟ್ ಇರಲಿ, ತಳದಲ್ಲಿ ಉತ್ತರ ಹೇಳಬೇಕಾದದ್ದು ಆಪರೇಟಿಂಗ್ ಸಿಸ್ಟಮ್. ಉದಾಹರಣೆಗಳು ಹೆಚ್ಚಾಗಿ ಲಿನಕ್ಸಿನವು.

ಮೊದಲು ಸಾದಾ ರೈಟ್ ಕರೆಯನ್ನೇ ನೋಡೋಣ. ನೀವು 4096 ಬೈಟ್ ಕೊಟ್ಟಿರಿ, ಕರ್ನಲ್, ಅಂದರೆ ಆಪರೇಟಿಂಗ್ ಸಿಸ್ಟಮ್‌ನ ತಿರುಳು, 4096 ಎಂದು ಉತ್ತರ ಕೊಟ್ಟಿತು. ಡಿಸ್ಕಿನ ಮೇಲೆ ಏನು ಬಿತ್ತು? ಬಹುತೇಕ ಏನೂ ಇಲ್ಲ. ನಿಮ್ಮ ಬಫರಿನಲ್ಲಿ, ಅಂದರೆ ಬರೆಯಬೇಕಾದದ್ದನ್ನು ಇಟ್ಟ ಮೆಮೊರಿಯಲ್ಲಿ ಇದ್ದದ್ದು, ಫೈಲಿನ ಭಾಗಗಳನ್ನು ಕರ್ನಲ್ ಮೆಮೊರಿಯಲ್ಲಿ ಪುಟ ಪುಟವಾಗಿ ಇಟ್ಟುಕೊಳ್ಳುವ ಪೇಜ್ ಕ್ಯಾಶಿಗೆ ನಕಲಾಯಿತು, ಆ ಪುಟಕ್ಕೆ ಡರ್ಟಿ, ಅಂದರೆ ಡಿಸ್ಕಿಗೆ ಇನ್ನೂ ಇಳಿದಿಲ್ಲ ಎಂಬ ಗುರುತು ಬಿತ್ತು, ಅಷ್ಟೇ. ಫ್ಲಶರ್ ಥ್ರೆಡ್‌ಗಳು, ಅಂದರೆ ಈ ಕೆಲಸಕ್ಕೆಂದೇ ಹಿನ್ನೆಲೆಯಲ್ಲಿ ಓಡುವ ಎಳೆಗಳು, ಮಾಮೂಲಿ ಸೆಟ್ಟಿಂಗ್‌ನಲ್ಲಿ 5 ಸೆಕೆಂಡಿಗೊಮ್ಮೆ ಎದ್ದು ನೋಡುತ್ತವೆ. 30 ಸೆಕೆಂಡಿಗಿಂತ ಹಳೆಯದಾದ ಡರ್ಟಿ ಪುಟಗಳನ್ನು ಡಿಸ್ಕಿಗೆ ಕಳಿಸುತ್ತವೆ. ಅಂದರೆ ಸಿಂಕ್ರನಸ್ ಎಂಬ ಹೆಸರು ಹೊತ್ತ ರೈಟ್ ಕೂಡ ಒಳಗೊಳಗೆ ಸಾಲದ ವ್ಯವಹಾರವೇ.

ಹಾಗಿದ್ದರೆ ಅಸಿಂಕ್ರನಸ್ ಏಕೆ ಬೇಕು? ಆ ಸಾಲಕ್ಕೊಂದು ಮಿತಿ ಇದೆ. ಲಭ್ಯ ಮೆಮೊರಿಯಲ್ಲಿ ಡರ್ಟಿ ಪುಟಗಳು ಶೇಕಡಾ 10 ದಾಟಿದರೆ ಹಿನ್ನೆಲೆಯ ಥ್ರೆಡ್‌ಗಳು 30 ಸೆಕೆಂಡು ತುಂಬಲೆಂದು ಕಾಯುವುದಿಲ್ಲ, ಕೆಲಸ ಶುರು ಮಾಡುತ್ತವೆ. ಶೇಕಡಾ 20ರ ಹತ್ತಿರ ಬಂದಂತೆ ಬರೆಯುತ್ತಿರುವ ಪ್ರೋಗ್ರಾಮನ್ನೇ ಕರ್ನಲ್ ತಡೆದು ನಿಲ್ಲಿಸುತ್ತದೆ. ಲೆಕ್ಕ ಹಾಕಿ ನೋಡಿ: 16 ಗಿಗಾಬೈಟ್ ಲಭ್ಯವಿದ್ದರೆ 20 ಶೇಕಡಾ ಎಂದರೆ 3.2 ಗಿಗಾಬೈಟ್. ಸೆಕೆಂಡಿಗೆ 100 ಮೆಗಾಬೈಟ್ ನುಂಗುವ ಡಿಸ್ಕಿಗೆ ಅಷ್ಟನ್ನು ಇಳಿಸಲು 32 ಸೆಕೆಂಡು ಹಿಡಿಯುತ್ತದೆ. ಬೆಳಗಿನಿಂದ ಕೆಲವೇ ಮೈಕ್ರೋಸೆಕೆಂಡಿನಲ್ಲಿ ಮುಗಿಯುತ್ತಿದ್ದ ರೈಟ್, ಯಾವ ಮುನ್ಸೂಚನೆಯೂ ಇಲ್ಲದೆ ನೂರಾರು ಮಿಲಿಸೆಕೆಂಡು ನಿಂತುಬಿಡುವುದು ಹೀಗೆ. ಪುಟದ ಅರ್ಧ ಭಾಗವನ್ನಷ್ಟೇ ತಿದ್ದಲು ಹೋದಾಗ, ಆ ಪುಟ ಕ್ಯಾಶಿನಲ್ಲಿ ಇಲ್ಲದಿದ್ದರೆ ಅದನ್ನು ಮೊದಲು ಡಿಸ್ಕಿನಿಂದ ಓದಿಕೊಳ್ಳಬೇಕಾಗುತ್ತದೆ. ಬರೆಯಲು ಹೋದವನು ಓದಲು ಕಾಯುವ ಪರಿಸ್ಥಿತಿ! ಸಾವಿರಾರು ಸಂಪರ್ಕಗಳನ್ನು ಒಂದೇ ಥ್ರೆಡ್ಡಿನಲ್ಲಿ ನೋಡಿಕೊಳ್ಳುವ ಸರ್ವರಿನಲ್ಲಿ ಇಂಥ ಒಂದು ನಿಲುಗಡೆಗೆ ಎಲ್ಲರೂ ನಿಲ್ಲುತ್ತಾರೆ.

ನೆಟ್‌ವರ್ಕ್ ಪ್ರೋಗ್ರಾಮಿಂಗ್ ಬಲ್ಲವರು ಇಲ್ಲಿ ಒಂದು ತಪ್ಪು ಮಾಡುತ್ತಾರೆ. ನೆಟ್‌ವರ್ಕ್ ಸಂಪರ್ಕದ ತುದಿಯಾದ ಸಾಕೆಟ್ಟಿಗೆ ಹಾಕಿದಂತೆ ಫೈಲಿಗೂ ಓ ನಾನ್‌ಬ್ಲಾಕ್, ಅಂದರೆ ಕಾಯಿಸಬೇಡ ಎಂಬ ಗುರುತು ಹಾಕಿದರೆ ಸಾಕು ಎಂದುಕೊಳ್ಳುತ್ತಾರೆ. ಸಾಮಾನ್ಯ ಫೈಲಿಗೆ ಅದರಿಂದ ಏನೂ ಆಗುವುದಿಲ್ಲ. ಸಿದ್ಧವಿದೆಯೇ ಎಂದು ಪೋಲ್ ಎಂಬ ಕರೆಯಿಂದ ಕೇಳಿದರೆ ಫೈಲು ಯಾವಾಗಲೂ ಸಿದ್ಧ ಎಂದೇ ಹೇಳುತ್ತದೆ. ಹಲವು ಸಂಪರ್ಕಗಳನ್ನು ಒಟ್ಟಿಗೆ ಗಮನಿಸುವ ಇಪೋಲ್‌ಗೆ ಸೇರಿಸಲು ಹೋದರೆ ಅನುಮತಿ ಇಲ್ಲ ಎಂಬ ಎರರ್ ಕೊಟ್ಟು ವಾಪಸು ಕಳಿಸುತ್ತದೆ.

ಹಾಗಾಗಿ ಬಹುಪಾಲು ಲೈಬ್ರರಿಗಳು ಹಿಡಿದಿರುವ ದಾರಿ ಥ್ರೆಡ್ ಪೂಲ್: ಕೆಲಸ ಹಂಚಿಕೊಳ್ಳಲು ಸಿದ್ಧವಾಗಿರುವ ಥ್ರೆಡ್‌ಗಳ ಗುಂಪು. ಜಾವಾಸ್ಕ್ರಿಪ್ಟ್ ಓಡಿಸುವ ನೋಡ್ ಜೆಎಸ್ ಕೆಳಗಿರುವ ಲಿಬ್‌ಯುವಿ ಎಂಬ ಲೈಬ್ರರಿಯಲ್ಲಿ ಪೂಲಿನ ಗಾತ್ರ ಮಾಮೂಲಾಗಿ 4. ಹೆಸರಿನಿಂದ ಐಪಿ ವಿಳಾಸ ಹುಡುಕುವ ಕೆಲಸವೂ ಅದೇ ನಾಲ್ಕು ಥ್ರೆಡ್‌ಗಳ ಪಾಲಿಗೆ ಬರುವುದರಿಂದ, ನಿಧಾನದ ಡಿಸ್ಕಿನಲ್ಲಿ ನಾಲ್ಕು ಬರವಣಿಗೆಗಳು ಸಿಕ್ಕಿಕೊಂಡರೆ ನೆಟ್‌ವರ್ಕ್ ಕೆಟ್ಟಿದೆಯೇನೋ ಎಂಬಂತೆ ಕಾಣುತ್ತದೆ. ರಸ್ಟಿನ ಟೋಕಿಯೊ ಎಂಬ ಅಸಿಂಕ್ರನಸ್ ಲೈಬ್ರರಿ ಕೂಡ ಫೈಲ್ ಕೆಲಸವನ್ನು ಪ್ರತ್ಯೇಕ ಥ್ರೆಡ್‌ಗಳಿಗೆ ದಾಟಿಸುತ್ತದೆ. ಅಲ್ಲಿ ರೈಟ್ ಯಶಸ್ವಿ ಎಂದು ಮರಳಿದರೆ, ನಿಮ್ಮ ಬೈಟ್‌ಗಳು ಹಿನ್ನೆಲೆಯ ಥ್ರೆಡ್ಡಿನ ಕೈಗೆ ಹೋಗಿವೆ ಎಂದಷ್ಟೇ ಅರ್ಥ. ಎರರ್ ಬಂದರೆ ಅದು ನಿಮ್ಮ ಮುಂದಿನ ಕರೆಯಲ್ಲಿ ಕಾಣುತ್ತದೆ. ಮುಂದಿನ ಕರೆಯೇ ಇಲ್ಲದಿದ್ದರೆ? ಯಾರ ಗಮನಕ್ಕೂ ಬರುವುದಿಲ್ಲ. ಆದ್ದರಿಂದ ಫೈಲನ್ನು ಕೈಬಿಡುವ ಮುನ್ನ ಫ್ಲಶ್ ಕರೆದು ಅದರ ಉತ್ತರ ನೋಡಲೇಬೇಕು. ಫ್ಲಶ್ ಎಂದರೂ ಡಿಸ್ಕಿಗೆ ತಲುಪಿತು ಎಂದಲ್ಲ. ಅದಕ್ಕೆ ಸಿಂಕ್ ಆಲ್ ಎಂಬ ಕರೆ ಬೇರೆಯೇ ಇದೆ.

ಥ್ರೆಡ್ ಪೂಲ್ ಎಂದರೆ ಕೆಲವರು ಮೂಗು ಮುರಿಯುತ್ತಾರೆ. ಬೇಡ. ಲಾಗ್ ಬರೆಯಲು, ಸಂರಚನೆ ಉಳಿಸಲು, ದಿನಕ್ಕೆ ಕೆಲವು ಗಿಗಾಬೈಟ್ ಇಳಿಸಲು ಇದಕ್ಕಿಂತ ಹೆಚ್ಚಿನದು ಬೇಕಿಲ್ಲ. ಲಿನಕ್ಸಿನ ಸಿ ಲೈಬ್ರರಿಯಾದ ಜಿಲಿಬ್‌ಸಿಯಲ್ಲಿರುವ ಪೋಸಿಕ್ಸ್ ಎಐಓ, ಅಂದರೆ ಅಸಿಂಕ್ರನಸ್ ಐಓ ಕೂಡ ಒಳಗೆ ಥ್ರೆಡ್‌ಗಳನ್ನೇ ಬಳಸುತ್ತದೆ. ಕರ್ನಲ್ಲಿನದೇ ಆದ ಹಳೆಯ ಎಐಓ ನಿಜವಾಗಿ ಅಸಿಂಕ್ರನಸ್ ಆಗುವುದು ಓ ಡೈರೆಕ್ಟ್ ಎಂಬ ಗುರುತು ಹಾಕಿ ಪೇಜ್ ಕ್ಯಾಶನ್ನು ಬದಿಗಿಟ್ಟಾಗ ಮಾತ್ರ. ಆಗ ಮೆಮೊರಿ ವಿಳಾಸ, ಫೈಲಿನಲ್ಲಿ ಬರೆಯಲು ಶುರು ಮಾಡುವ ಸ್ಥಾನವಾದ ಆಫ್‌ಸೆಟ್, ಉದ್ದ ಮೂರೂ ಸಾಧನಕ್ಕೆ ತಕ್ಕಂತೆ 512ರ ಅಥವಾ 4096ರ ಗುಣಕವಾಗಿರಬೇಕು. ಒಂದು ತಪ್ಪಿದರೂ ಸಾಮಾನ್ಯವಾಗಿ ಇನ್‌ವ್ಯಾಲಿಡ್ ಆರ್ಗ್ಯುಮೆಂಟ್ ಎಂಬ ಉತ್ತರ. ಮೂರರಲ್ಲಿ ಯಾವುದು ತಪ್ಪಿತೆಂದು ಹೇಳುವ ಸೌಜನ್ಯ ಕರ್ನಲ್ಲಿಗಿಲ್ಲ. ವಿಂಡೋಸ್‌ನಲ್ಲಿ ಅಸಿಂಕ್ರನಸ್ ಕೆಲಸಕ್ಕೆ ಓವರ್‌ಲ್ಯಾಪ್ಡ್ ಐಓ ಇದೆ, ಆದರೆ ಫೈಲಿನ ಉದ್ದವನ್ನು ಹೆಚ್ಚಿಸುವ ಬರವಣಿಗೆ ಅಲ್ಲಿಯೂ ಸಿಂಕ್ರನಸ್ ಆಗಿಬಿಡುತ್ತದೆ.

2019ರಲ್ಲಿ ಲಿನಕ್ಸ್ 5.1 ಜೊತೆ ಬಂದ ಐಓ ಯೂರಿಂಗ್ ಈ ಚಿತ್ರವನ್ನು ಬದಲಿಸಿತು. ಯೆನ್ಸ್ ಆಕ್ಸ್‌ಬೋ ರೂಪಿಸಿದ ಈ ವ್ಯವಸ್ಥೆಯಲ್ಲಿ ಪ್ರೋಗ್ರಾಂ ಮತ್ತು ಕರ್ನಲ್ ನಡುವೆ ಹಂಚಿಕೊಂಡ ಮೆಮೊರಿಯಲ್ಲಿ ಎರಡು ಉಂಗುರಗಳು, ಅಂದರೆ ಸುತ್ತಿ ಬರುವ ಸರತಿಗಳು ಇರುತ್ತವೆ. ಒಂದರಲ್ಲಿ ನೀವು ಬೇಡಿಕೆ ಹಾಕುತ್ತೀರಿ, ಇನ್ನೊಂದರಿಂದ ಫಲಿತಾಂಶ ಎತ್ತಿಕೊಳ್ಳುತ್ತೀರಿ. ಬೇಡಿಕೆಯ ಚೀಟಿ 64 ಬೈಟಿನದು, ಉತ್ತರದ ಚೀಟಿ 16 ಬೈಟಿನದು. ಹತ್ತಾರು ಬೇಡಿಕೆಗಳನ್ನು ತುಂಬಿ ಒಂದೇ ಸಿಸ್ಟಮ್ ಕಾಲ್‌ನಲ್ಲಿ, ಅಂದರೆ ಕರ್ನಲ್ಲಿಗೆ ಕೊಡುವ ಒಂದೇ ಕರೆಯಲ್ಲಿ ಒಪ್ಪಿಸಬಹುದು.

ಒಂದು ಚೀಟಿಯನ್ನು ಹತ್ತಿರದಿಂದ ನೋಡೋಣ. ಕೆಲಸ: ರೈಟ್. ಯಾವ ಫೈಲು: ಅದರ ಡಿಸ್ಕ್ರಿಪ್ಟರ್, ಅಂದರೆ ತೆರೆದ ಫೈಲಿಗೆ ಕರ್ನಲ್ ಕೊಟ್ಟ ಸಂಖ್ಯೆ. ಬಫರಿನ ವಿಳಾಸ. ಉದ್ದ 65,536. ಆಫ್‌ಸೆಟ್ 0. ಕೊನೆಗೆ ಯೂಸರ್ ಡೇಟಾ ಎಂಬ 64 ಬಿಟ್‌ನ ಖಾನೆ. ಅದರಲ್ಲಿ ನಿಮ್ಮ ಗುರುತು, 7 ಎಂದಿಟ್ಟುಕೊಳ್ಳಿ. ಕರ್ನಲ್ ಅದನ್ನು ಮುಟ್ಟದೆ ಹಾಗೆಯೇ ಹಿಂತಿರುಗಿಸುತ್ತದೆ. ಸ್ವಲ್ಪ ಹೊತ್ತಿಗೆ ಉತ್ತರದ ಉಂಗುರದಲ್ಲಿ 7 ಎಂಬ ಗುರುತಿನ ಚೀಟಿ ಕಾಣುತ್ತದೆ, ಫಲಿತಾಂಶ 40,960. ಇದು ಎರರ್ ಅಲ್ಲ. ಪೂರ್ತಿ ಯಶಸ್ಸೂ ಅಲ್ಲ. ಉಳಿದ 24,576 ಬೈಟನ್ನು, ಬಫರಿನಲ್ಲೂ ಫೈಲಿನಲ್ಲೂ 40,960ರಿಂದ ಶುರು ಮಾಡಿ ಮತ್ತೊಮ್ಮೆ ಒಪ್ಪಿಸಬೇಕು. ಫಲಿತಾಂಶ ಋಣ ಸಂಖ್ಯೆಯಾಗಿದ್ದರೆ ಅದೇ ಎರರ್ ಕೋಡ್: ಮೈನಸ್ 28 ಎಂದರೆ ಜಾಗ ಮುಗಿದಿದೆ, ಮೈನಸ್ 5 ಎಂದರೆ ಐಓ ಎರರ್. ಎರ್‌ನೋ ಎಂಬ ಹಳೆಯ ಜಾಗದಲ್ಲಿ ಹುಡುಕಿದರೆ ಅದು ಸಿಗುವುದಿಲ್ಲ.

ಆಫ್‌ಸೆಟ್ಟನ್ನು ನೀವೇ ಲೆಕ್ಕವಿಟ್ಟು ಕೊಡಬೇಕು ಎಂಬುದನ್ನು ಗಮನಿಸಿ. ಬೇಡಿಕೆಗಳು ಹಾಕಿದ ಕ್ರಮದಲ್ಲೇ ಮುಗಿಯಬೇಕೆಂಬ ನಿಯಮವಿಲ್ಲ. ಐದನೆಯದು ಮುಗಿದ ಮೇಲೆ ಎರಡನೆಯದು ಮುಗಿಯಬಹುದು. ಫೈಲಿನ ಈಗಿನ ಸ್ಥಾನವನ್ನು ನಂಬಿ ಏಕಕಾಲಕ್ಕೆ ಹಲವು ಬರವಣಿಗೆ ಹಾಕಿದರೆ ಯಾವುದು ಎಲ್ಲಿ ಬೀಳುತ್ತದೋ ಹೇಳಲಾಗದು.

ಇನ್ನು ಬಫರಿನ ವಿಚಾರ. ಈ ವಿಷಯದಲ್ಲಿ ಅತಿ ಹೆಚ್ಚು ಹೊತ್ತು ನುಂಗುವ ದೋಷ ಇರುವುದು ಇಲ್ಲೇ. ಉತ್ತರದ ಚೀಟಿ ಬರುವವರೆಗೆ ಆ ಬಫರ್ ನಿಮ್ಮದಲ್ಲ. ಅದನ್ನು ಫ್ರೀ ಮಾಡಬಾರದು, ಅದರ ಮೇಲೆ ಬರೆಯಬಾರದು, ಫಂಕ್ಷನ್ನಿನ ಸ್ಟ್ಯಾಕಿನಲ್ಲಿಟ್ಟು ಫಂಕ್ಷನ್ನಿನಿಂದ ಹೊರಬರಬಾರದು. ಒಂದೇ ಬಫರಿಗೆ ಮೊದಲ ಸಾಲು ತುಂಬಿ ಒಪ್ಪಿಸಿ, ಉತ್ತರಕ್ಕೆ ಕಾಯದೆ ಅದಕ್ಕೇ ಎರಡನೆಯ ಸಾಲು ತುಂಬಿ ಒಪ್ಪಿಸಿದಿರಿ ಎನ್ನಿ. ಫೈಲು ತೆರೆದು ನೋಡಿದರೆ ಎರಡನೆಯ ಸಾಲು ಎರಡು ಸಲ ಇರಬಹುದು, ಮೊದಲನೆಯದು ಎಲ್ಲೂ ಇಲ್ಲದಿರಬಹುದು. ಪರೀಕ್ಷಿಸುವ ಯಂತ್ರದಲ್ಲಿ ಇದು ಕಾಣದೆ, ಡಿಸ್ಕ್ ಬಿಡುವಿಲ್ಲದ ಯಂತ್ರದಲ್ಲಿ ಕಾಣುತ್ತದೆ. ಲಾಗಿನಲ್ಲಿ ಒಂದು ಸಾಲು ಜೋಡಿಯಾಗಿ ಬಂದು ಪಕ್ಕದ ಸಾಲು ನಾಪತ್ತೆಯಾಗಿದ್ದರೆ ಮೊದಲ ಅನುಮಾನ ಬಫರ್ ಮರುಬಳಕೆಯ ಮೇಲಿರಲಿ.

ಉತ್ತರ ಬಂತು, ಪೂರ್ತಿ 65,536 ಬರೆದಾಯ್ತು. ಈಗ ಕರೆಂಟು ಹೋದರೆ? ಹೋಯಿತು. ಪೇಜ್ ಕ್ಯಾಶ್ ಮೂಲಕ ಬರೆದಿದ್ದರೆ ಐಓ ಯೂರಿಂಗಿನ ಉತ್ತರಕ್ಕೂ ಸಾದಾ ರೈಟಿನ ಉತ್ತರಕ್ಕೂ ಅರ್ಥ ಒಂದೇ. ಡಿಸ್ಕಿಗೆ ತಲುಪಿತು ಎಂಬ ಖಾತರಿ ಬೇಕಿದ್ದರೆ ಎಫ್‌ಸಿಂಕ್ ಮಾಡಬೇಕು. ಫೈಲಿನ ಸಮಯದಂಥ ವಿವರಗಳು ಬೇಡವಾದರೆ ಎಫ್‌ಡೇಟಾಸಿಂಕ್ ಸಾಕು. ಕ್ಲೋಸ್ ಈ ಖಾತರಿಯನ್ನು ಕೊಡುವುದಿಲ್ಲ. ಮ್ಯಾಕ್ ಓಎಸ್‌ನಲ್ಲಂತೂ ಎಫ್‌ಸಿಂಕ್ ಕೂಡ ಡ್ರೈವಿನ ಒಳಗಿನ ಕ್ಯಾಶನ್ನು ಖಾಲಿ ಮಾಡಿಸುವುದಿಲ್ಲ. ಎಫ್ ಫುಲ್‌ಎಫ್‌ಸಿಂಕ್ ಎಂಬುದನ್ನು ಕೇಳಬೇಕು.

ರೈಟ್ ಚೀಟಿಯ ಹಿಂದೆಯೇ ಎಫ್‌ಸಿಂಕ್ ಚೀಟಿ ಹಾಕಿ ಒಟ್ಟಿಗೆ ಒಪ್ಪಿಸಿದರೆ ಸಾಕೇ? ಸಾಲದು. ಎಫ್‌ಸಿಂಕ್ ಮುಂಚೆ ಓಡಿ, ಆ ಹೊತ್ತಿಗೆ ಏನಿತ್ತೋ ಅದನ್ನಷ್ಟೇ ಡಿಸ್ಕಿಗಿಳಿಸಿ ಯಶಸ್ವಿ ಎಂದುಬಿಡಬಹುದು. ರೈಟಿನ ಉತ್ತರ ಬಂದ ಮೇಲೆ ಎಫ್‌ಸಿಂಕ್ ಹಾಕಿ, ಇಲ್ಲವೇ ಲಿಂಕ್ ಎಂಬ ಗುರುತಿನಿಂದ ಎರಡನ್ನೂ ಸರಪಳಿ ಮಾಡಿ. ಸರಪಳಿಯಲ್ಲಿ ರೈಟ್ ಅರ್ಧಕ್ಕೇ ನಿಂತರೆ ಕೊಂಡಿ ಕಳಚಿ, ಎಫ್‌ಸಿಂಕ್ ರದ್ದಾಯಿತೆಂಬ ಉತ್ತರ ಬರುತ್ತದೆ. ಅದನ್ನು ಡಿಸ್ಕಿನ ದೋಷ ಎಂದು ಓದಬೇಡಿ.

ಎಫ್‌ಸಿಂಕ್ ದುಬಾರಿ. ಒಂದಕ್ಕೆ 5 ಮಿಲಿಸೆಕೆಂಡು ಎಂದುಕೊಂಡರೆ, ಒಂದಾದ ಮೇಲೊಂದು ಮಾಡುತ್ತಾ ಹೋದಾಗ ಸೆಕೆಂಡಿಗೆ 200 ದಾಖಲೆ ಮಾತ್ರ. 50 ದಾಖಲೆಗಳನ್ನು ಗುಂಪು ಮಾಡಿ ಒಂದೇ ಎಫ್‌ಸಿಂಕ್ ಕೊಟ್ಟರೆ ಅದೇ ಡಿಸ್ಕಿನಲ್ಲಿ 10,000. ಡೇಟಾಬೇಸ್‌ಗಳು ಗ್ರೂಪ್ ಕಮಿಟ್ ಎನ್ನುವುದು ಇದನ್ನೇ. ಅಸಿಂಕ್ರನಸ್ ಬರವಣಿಗೆಯ ದೊಡ್ಡ ಲಾಭ ಇಲ್ಲಿದೆ ಎಂಬುದು ನನ್ನ ಅಭಿಪ್ರಾಯ: ಒಂದು ಎಫ್‌ಸಿಂಕ್ ನಡೆಯುತ್ತಿರುವಾಗ ಮುಂದಿನ ಗುಂಪು ತಾನಾಗಿ ಕೂಡಿಕೊಳ್ಳುತ್ತದೆ.

ಎಫ್‌ಸಿಂಕ್ ಸೋತರೆ ಮತ್ತೊಮ್ಮೆ ಕರೆದು ನೋಡೋಣ ಎನ್ನಬೇಡಿ. ಲಿನಕ್ಸಿನಲ್ಲಿ ಡಿಸ್ಕಿಗೆ ಬರೆಯಲು ಆಗದ ಪುಟದ ಡರ್ಟಿ ಗುರುತು ಅಳಿದುಹೋಗಬಹುದು. ಎರಡನೆಯ ಎಫ್‌ಸಿಂಕಿಗೆ ಬರೆಯಲು ಏನೂ ಉಳಿದಿರುವುದಿಲ್ಲವಾಗಿ ಅದು ಯಶಸ್ವಿ ಎನ್ನುತ್ತದೆ, ಮಾಹಿತಿ ಮಾತ್ರ ಡಿಸ್ಕಿನಲ್ಲಿಲ್ಲ. 2018ರಲ್ಲಿ ಪೋಸ್ಟ್‌ಗ್ರೆಸ್ ಡೇಟಾಬೇಸಿನ ಡೆವಲಪರ್‌ಗಳ ನಡುವೆ ಇದು ದೊಡ್ಡ ಚರ್ಚೆಯಾಯಿತು. ಎಫ್‌ಸಿಂಕ್ ಸೋತ ಕೂಡಲೇ ಸರ್ವರ್ ತಾನೇ ಬಿದ್ದು, ಬದಲಾವಣೆಗಳನ್ನು ಮೊದಲೇ ಬರೆದಿಟ್ಟ ಲಾಗಿನಿಂದ ಚೇತರಿಸಿಕೊಳ್ಳಬೇಕೆಂಬ ಮಾರ್ಗ ಅಲ್ಲಿ ಬಂತು. ನಿಮ್ಮಲ್ಲಿ ಅಂಥ ಲಾಗ್ ಇಲ್ಲದಿದ್ದರೆ, ಮೂಲ ಬಫರನ್ನು ಎಫ್‌ಸಿಂಕ್ ಗೆಲ್ಲುವವರೆಗೆ ಇಟ್ಟುಕೊಂಡು ಹೊಸ ಫೈಲಿಗೆ ಪೂರ್ತಿ ಬರೆಯಿರಿ.

ಹಳೆಯ ಫೈಲನ್ನು ಹೊಸದರಿಂದ ಬದಲಿಸುವಾಗ ಕ್ರಮ ಹೀಗೆ: ಅದೇ ಡೈರೆಕ್ಟರಿಯಲ್ಲಿ ತಾತ್ಕಾಲಿಕ ಫೈಲು ಮಾಡಿ ಬರೆಯಿರಿ, ಎಫ್‌ಸಿಂಕ್ ಮಾಡಿ, ನಂತರ ರೀನೇಮ್, ಆಮೇಲೆ ಡೈರೆಕ್ಟರಿಗೂ ಎಫ್‌ಸಿಂಕ್. ಕೊನೆಯದನ್ನು ಮರೆಯುವವರೇ ಹೆಚ್ಚು. ಅದಿಲ್ಲದೆ ಕರೆಂಟು ಹೋದರೆ ಹೊಸ ಹೆಸರು ಉಳಿದೀತೆಂಬ ಭರವಸೆ ಇಲ್ಲ.

ಸರತಿಗೆ ಮಿತಿ ಇಡುವುದು ಇನ್ನೊಂದು. ಪ್ರೋಗ್ರಾಂ ಸೆಕೆಂಡಿಗೆ 200 ಮೆಗಾಬೈಟ್ ಹುಟ್ಟಿಸುತ್ತದೆ, ಡಿಸ್ಕ್ 120 ನುಂಗುತ್ತದೆ ಎಂದರೆ 10 ಸೆಕೆಂಡಿಗೆ 800 ಮೆಗಾಬೈಟ್ ಬಾಕಿ. ಕಾಯುವುದಿಲ್ಲ ಎಂಬ ಹೆಮ್ಮೆಯಲ್ಲಿ ಮೆಮೊರಿ ಮುಗಿದು ಪ್ರೋಗ್ರಾಂ ಸಾಯುತ್ತದೆ. 1 ಮೆಗಾಬೈಟಿನ 64 ಬಫರ್ ಮಾತ್ರ ಇಟ್ಟುಕೊಳ್ಳಿ. ಖಾಲಿ ಬಫರ್ ಸಿಗದಿದ್ದರೆ ಹುಟ್ಟಿಸುವವನೇ ಕಾಯಲಿ, ಅಥವಾ ಬಿಟ್ಟುಬಿಟ್ಟ ಸಾಲುಗಳ ಎಣಿಕೆ ಲಾಗಿನಲ್ಲಿ ದಾಖಲಾಗಲಿ.

ಪರೀಕ್ಷೆಯ ಬಗ್ಗೆ ಒಂದೆರಡು ಮಾತು. ಪ್ರೋಗ್ರಾಮನ್ನು ಕಿಲ್ ಮೈನಸ್ 9 ಕೊಟ್ಟು ಸಾಯಿಸಿ, ಫೈಲು ಸರಿಯಾಗಿದೆ ನೋಡಿ ಎನ್ನುವವರಿದ್ದಾರೆ. ಪ್ರೋಗ್ರಾಂ ಸತ್ತರೂ ಪೇಜ್ ಕ್ಯಾಶ್ ಕರ್ನಲ್ಲಿನ ವಶದಲ್ಲೇ ಇರುವುದರಿಂದ, ಎಫ್‌ಸಿಂಕ್ ಒಂದನ್ನೂ ಕರೆಯದ ಪ್ರೋಗ್ರಾಂ ಕೂಡ ಈ ಪರೀಕ್ಷೆಯಲ್ಲಿ ಪಾಸಾಗುತ್ತದೆ. ಜಾಗ ಮುಗಿದಾಗಿನ ವರ್ತನೆ ನೋಡಲು ಡೆವ್ ಫುಲ್ ಎಂಬ ಸಾಧನಕ್ಕೆ ಬರೆಯಿರಿ. ಪ್ರತಿ ಸಲ ಅದೇ ಎರರ್ ಕೊಡುತ್ತದೆ. ಎಫ್‌ಸಿಂಕ್ ಸೋಲುವುದನ್ನು ನೋಡಲು ಸಿಸ್ಟಮ್ ಕಾಲ್‌ಗಳನ್ನು ಗಮನಿಸುವ ಎಸ್‌ಟ್ರೇಸಿನ ಇಂಜೆಕ್ಟ್ ಸೌಲಭ್ಯವಿದೆ, ಮೂರನೆಯ ಎಫ್‌ಸಿಂಕಿಗೆ ಐಓ ಎರರ್ ಕೊಡು ಎಂದು ಹೇಳಬಹುದು. ಆದರೆ ಐಓ ಯೂರಿಂಗ್ ಚೀಟಿಗಳು ಸಿಸ್ಟಮ್ ಕಾಲ್‌ಗಳಲ್ಲವಾದ್ದರಿಂದ ಎಸ್‌ಟ್ರೇಸಿಗೆ ಕಾಣುವುದಿಲ್ಲ. ಅಂಥ ಕಡೆ, ಡಿಸ್ಕಿನ ಮೇಲೆ ಕೃತಕ ಸಾಧನವೊಂದನ್ನು ಕೂರಿಸುವ ಡಿವೈಸ್ ಮ್ಯಾಪರಿನ ಫ್ಲೇಕಿ ಎಂಬ ಟಾರ್ಗೆಟ್ಟನ್ನು ಡ್ರಾಪ್ ರೈಟ್ಸ್ ಆಯ್ಕೆಯೊಂದಿಗೆ ಹಾಕಿ: ಹೇಳಿದಷ್ಟು ಸೆಕೆಂಡು ಸರಿಯಾಗಿ ನಡೆದು, ಆಮೇಲೆ ಬರವಣಿಗೆಗಳನ್ನು ಸದ್ದಿಲ್ಲದೆ ಬಿಟ್ಟುಬಿಡುತ್ತದೆ. ಆ ಅವಧಿ ನಡೆಯುತ್ತಿರುವಾಗಲೇ ಅನ್‌ಮೌಂಟ್ ಮಾಡಿ, ಸಾಧನವನ್ನು ಮಾಮೂಲಿ ಸ್ಥಿತಿಗೆ ತಂದು ಮತ್ತೆ ಮೌಂಟ್ ಮಾಡಿ. ಬಿಡುವ ಅವಧಿ ಶುರುವಾಗುವ ಮುನ್ನ ಎಫ್‌ಸಿಂಕ್ ಗೆದ್ದಿದ್ದ ದಾಖಲೆಗಳೆಲ್ಲ ಫೈಲಿನಲ್ಲಿವೆಯೇ ಎಂದು ಎಣಿಸಿ. ನಮಸ್ಕಾರ.