ವರ್ಷಕ್ಕೊಂದು ಭರತ, ವರ್ಷಕ್ಕೊಂದು ಇಳಿತ

ಕೇಳುಗರಿಗೆಲ್ಲ ನಮಸ್ಕಾರ.

ಹೋದ ವರ್ಷ ಹೊನ್ನಾವರ ಕಡೆಯ ಓದುಗರೊಬ್ಬರು ಫೋನ್ ಮಾಡಿದ್ದರು. ನನ್ನದೊಂದು ಕಾದಂಬರಿ ಓದಿ ಮುಗಿಸಿದ್ದರಂತೆ. "ಬಲೆ ಉಂಟು, ದೋಣಿ ಉಂಟು, ನೀರು ಏರೂದು ಇಳಿಯೂದು ಎಲ್ಲಾ ಉಂಟು. ನೀವು ಯಾವ ಕಡಲತಡಿಯವರು ಮಾರಾಯ್ರೆ?" ಅಂತ ಕೇಳಿದರು. ಬಾಗಲಕೋಟೆ ಜಿಲ್ಲೆ, ಬೀಳಗಿ ತಾಲೂಕು ಅಂದೆ. ಆ ಕಡೆಯಿಂದ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಅಲ್ಲಿಗೆ ಕಡಲು ಯಾವಾಗ ಬಂತು?" ಅಂದರು. "ನಮ್ಮಲ್ಲಿ ಇರೂದು ಕಡಲಿ ಬೆಳಿರೀ, ಕಡಲಲ್ಲ" ಅಂದೆ. ಇಬ್ಬರೂ ನಕ್ಕು ಫೋನ್ ಇಟ್ಟೆವು.

ನಗು ಮುಗಿದ ಮೇಲೆ ಯೋಚನೆ ಹತ್ತಿತು. ಕಡಲಿಲ್ಲದ ನಮ್ಮ ಸೀಮೆ ತಾನು ಕಟ್ಟಿ ನಿಲ್ಲಿಸಿದ ನೀರಿಗೆಲ್ಲ ಸಾಗರ ಅಂತಲೇ ಹೆಸರಿಟ್ಟುಕೊಂಡಿದೆ. ಸವದತ್ತಿ ಹತ್ತಿರ ಮಲಪ್ರಭೆಗೆ ರೇಣುಕಾ ಸಾಗರ. ಆಲಮಟ್ಟಿಯಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿ ಸಾಗರ. ಅದರ ಕೆಳಗೆ ನಾರಾಯಣಪುರದಲ್ಲಿ ಬಸವ ಸಾಗರ. ಜಮಖಂಡಿ ಕಡೆಯ ರೈತರಂತೂ 1989ರಲ್ಲಿ ಸಿದ್ದು ನ್ಯಾಮಗೌಡರ ಮುಂದಾಳತ್ವದಲ್ಲಿ ತಾವೇ ರೊಕ್ಕ ಕೂಡಿಸಿ, ತಾವೇ ಮೈ ಬಗ್ಗಿಸಿ, ಚಿಕ್ಕಪಡಸಲಗಿಯಲ್ಲಿ ಕೃಷ್ಣೆಗೆ ಬ್ಯಾರೇಜು ಕಟ್ಟಿದರು. ಅದಕ್ಕೆ ಶ್ರಮಬಿಂದು ಸಾಗರ ಅಂದರು. ಬೆವರಿನ ಹನಿಯ ಸಾಗರ. ಬೆವರೂ ಉಪ್ಪೇ ನೋಡಿ, ಹೆಸರಿಟ್ಟವರು ಸುಮ್ಮನೆ ಇಟ್ಟಿಲ್ಲ.

ಕೃಷ್ಣೆ ಹುಟ್ಟುವುದು ಮಹಾಬಳೇಶ್ವರದಲ್ಲಿ. ಅಲ್ಲಿಂದ ಅರಬ್ಬಿ ಸಮುದ್ರ ಬರೀ 65 ಕಿಲೋಮೀಟರ್ ಆಸುಪಾಸು. ಆದರೆ ಹೊಳೆ ಆ ಕಡೆ ಹೊರಳಿಯೂ ನೋಡುವುದಿಲ್ಲ. ಪೂರ್ವಕ್ಕೆ ಮುಖ ಮಾಡಿ, ಸುಮಾರು 1,400 ಕಿಲೋಮೀಟರ್ ನಡೆದು, ಬಂಗಾಳ ಕೊಲ್ಲಿ ಸೇರುತ್ತದೆ. "ಮಗ್ಗಲ ಮನಿ ವರ ಬಿಟ್ಟು ದೂರದ ಸಂಬಂಧ ಹುಡಿಕಿದಂಗ" ಅನ್ನುತ್ತಾಳೆ ನಮ್ಮವ್ವ. ಹಾಗೆ ಹೊರಟವಳನ್ನು ನಡುದಾರಿಯಲ್ಲಿ ನಮ್ಮ ಹತ್ತಿರ ತಡೆದು ನಿಲ್ಲಿಸಿದ್ದಾರೆ. ಅವಳು ನಿಂತ ಜಾಗದಲ್ಲಿ ಮೊದಲು ನಮ್ಮೂರು ಇತ್ತು.

ಊರಿನ ಹೆಸರು ಬೇಕಂತಲೇ ಹೇಳುತ್ತಿಲ್ಲ. ಹಿನ್ನೀರಿನ ದಂಡೆಯ ಎಷ್ಟೋ ಊರುಗಳಿಗೆ ಇದೇ ಕಥೆ ಹೊಂದುತ್ತದೆ. ಆಲಮಟ್ಟಿ ಅಣೆಕಟ್ಟೆಗೆ 1964ರಲ್ಲಿ ಶಾಸ್ತ್ರಿಯವರು ಅಡಿಗಲ್ಲು ಇಟ್ಟಾಗ ನಾನಿನ್ನೂ ಹುಟ್ಟಿರಲಿಲ್ಲ. 2000ನೇ ಇಸವಿಯ ಹಿಂದುಮುಂದೆ ನೀರು ನಮ್ಮ ಅಗಸಿ ಬಾಗಿಲಿಗೆ ಬಂದಾಗ ನನಗೆ ಮೂವತ್ತು ದಾಟಿತ್ತು. ಕನ್ನಡ ಸಾಲಿ ಮಾಸ್ತರ ಆಗಿದ್ದೆ. ಜನ ತೊಲೆ, ಚೌಕಟ್ಟು, ಬಾಗಿಲು ಕಿತ್ತುಕೊಂಡು ಟ್ರ್ಯಾಕ್ಟರಿಗೆ ಹೇರಿ ಗುಡ್ಡದ ಮೇಲಿನ ಪುನರ್ವಸತಿ ಕೇಂದ್ರಕ್ಕೆ ಬಂದರು. ಮಾಳಿಗೆ ಮನೆಗಳ ಮಣ್ಣಿನ ಗೋಡೆ ಒಂದೇ ಮಳೆಗಾಲಕ್ಕೆ ಕರಗಿ ಹೋದವು. ಕಲ್ಲಿನ ತಳಪಾಯ ಉಳಿದವು, ಅಷ್ಟೇ.

ನನ್ನ ದಿನ ಶುರುವಾಗುವುದು ಬೆಳಿಗ್ಗೆ ಐದಕ್ಕೆ. ಒಂದು ಕಪ್ ಚಹಾ ಕುಡಿದು, ಟಾರ್ಚು ಹಿಡಿದು ದಂಡೆಗೆ ಇಳಿಯುತ್ತೇನೆ. ಅಲ್ಲೊಂದು ಬಂಡೆಗಲ್ಲಿದೆ. ನೀರು ಅದರ ಯಾವ ಗೀರಿನ ತನಕ ಬಂದಿದೆ ಅಂತ ನೋಡಿ ಹಳೇ ಸಾಲಿ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತೇನೆ. ಇದರಿಂದ ಯಾರಿಗೂ ಉಪಯೋಗವಿಲ್ಲ. ಅಣೆಕಟ್ಟೆಯವರ ಹತ್ತಿರ ನನಗಿಂತ ನೆಟ್ಟಗಿನ ಲೆಕ್ಕವಿದೆ. ಆದರೂ ಆ ಒಂದು ಸಾಲು ಬರೆಯದೆ ಕಾದಂಬರಿಯ ಸಾಲು ಬರುವುದಿಲ್ಲ. ರೂಢಿ ಬಿದ್ದಿದೆ.

ಅಷ್ಟರಲ್ಲಿ ರಾತ್ರಿ ಬಲೆ ಬಿಟ್ಟವರು ದಂಡೆಗೆ ಬರುತ್ತಾರೆ. ಹರಗೋಲಿಗೆ ಹಿಂದೆ ತೊಗಲು ಹೊದಿಸುತ್ತಿದ್ದರು, ಈಗ ಪ್ಲಾಸ್ಟಿಕ್ ಚೀಲ, ಮೇಲೆ ಡಾಂಬರು. ಐಸು ತುಂಬಿದ ಥರ್ಮಾಕೋಲ್ ಡಬ್ಬಿ ಹೇರಿಕೊಂಡು ವ್ಯಾಪಾರಿಯ ಗಾಡಿ ನಿಂತಿರುತ್ತದೆ. ತಕ್ಕಡಿ ಮುಂದೆ ದಿನಾ ಒಂದು ಸಣ್ಣ ಜಗಳ. ಕಟ್ಲಾ, ರೋಹು ಒಂದು ಕಡೆ, ಜಿಲೇಬಿ ಮೀನು ಒಂದು ಕಡೆ. ನಮ್ಮ ಮನೆ ರೊಟ್ಟಿ ಪಲ್ಯದ ಮನೆ. ಮೀನಿನ ರುಚಿ ನನಗೆ ಗೊತ್ತಿಲ್ಲ, ಬೆಲೆ ಮಾತ್ರ ಬಾಯಿಪಾಠ.

ಇದೇ ದಂಡೆಯ ಮೇಲೆ ನನಗೊಂದು ಪಾಠ ಆಯಿತು. ಮೊದಲ ಕಾದಂಬರಿಯಲ್ಲಿ ನಮ್ಮಜ್ಜನ ಕಾಲದ ಒಬ್ಬ ಅಂಬಿಗ ದೊಡ್ಡ ಕಟ್ಲಾ ಮೀನು ಹಿಡಿದು ತರುವುದನ್ನು ಎರಡು ಪುಟ ಬರೆದಿದ್ದೆ. ಭಾಳ ಚಂದ ಬಂದಿದೆ ಅಂತ ನನಗೆ ನಾನೇ ಅಂದುಕೊಂಡಿದ್ದೆ. ಅಂಬಿಗರ ಓಣಿಯ ಹಿರಿಯನೊಬ್ಬ ಮೊಮ್ಮಗಳ ಕಡೆಯಿಂದ ಅದನ್ನು ಓದಿಸಿ ಕೇಳಿದ. ಮರುದಿನ ದಂಡೆಯ ಮೇಲೆ ನನ್ನ ನಿಲ್ಲಿಸಿ, "ಮಾಸ್ತರ್ರ, ಕಟ್ಲಾ ಮೀನ ಸರಕಾರದವ್ರು ಮರಿ ಬಿಟ್ಟ ಮ್ಯಾಲೆ ನಮ್ಮ ಬಲಿಗೆ ಬಂದದ್ದು. ನಿಮ್ಮಜ್ಜನ ಕಾಲಕ್ಕ ಎಲ್ಲಿಂದ ತಂದ್ರಿ?" ಅಂದ. ನಿಜ, ಕಟ್ಲಾ, ರೋಹು ಮೂಲತಃ ಗಂಗೆಯ ಸೀಮೆಯ ಮೀನು. ಹನ್ನೆರಡನೇ ಶತಮಾನದ ಅಂಬಿಗರ ಚೌಡಯ್ಯನ ಮಾತಿನಲ್ಲಿ ಹೇಗೆ ಮುಲಾಜಿಲ್ಲವೋ, ಈ ಹಿರಿಯನ ಮಾತಿನಲ್ಲೂ ಇರಲಿಲ್ಲ. ಎರಡನೇ ಮುದ್ರಣದಲ್ಲಿ ಆ ಮೀನು ಬಾಳಿ ಮೀನಾಯಿತು. ಅವನಿಗೆ ಅದೂ ಪೂರಾ ಒಪ್ಪಿಗೆಯಿಲ್ಲ. "ಆಗಲಿ ಬಿಡ್ರಿ" ಅಂದ.

ಏಳಕ್ಕೆ ಮನೆಗೆ ಬಂದು ಬರೆಯಲು ಕೂತರೆ ಹತ್ತರ ತನಕ. ಮೇಜು ಸಾಲಿಯ ಹರಾಜಿನಲ್ಲಿ ಕೊಂಡದ್ದು, ಒಂದು ಕಾಲು ಗಿಡ್ಡ. ಹತ್ತಕ್ಕೆ ನನ್ನ ಹೆಂಡತಿ ರೊಟ್ಟಿ ಬಡಿಯುವುದಕ್ಕೆ ಕೂತಾಗ ಬರೆದದ್ದನ್ನು ಓದಿ ಹೇಳುತ್ತೇನೆ. ರೊಟ್ಟಿ ಬಡಿಯುವ ಕೈ ನಿಂತರೆ ಎಲ್ಲೋ ತಪ್ಪಿದೆ ಅಂತ ತಿಳಿಯಬೇಕು. "ಹೆಣ್ಣಮಕ್ಕಳು ಅತ್ತಿ ಮುಂದ ಹಂಗ ಮಾತಾಡೂದಿಲ್ರೀ" ಅನ್ನುತ್ತಾಳೆ. ವಿಮರ್ಶಕರು ಯಾರೂ ನನಗೆ ಇಷ್ಟು ಉಪಕಾರ ಮಾಡಿಲ್ಲ.

ಈಗ ಭರತ ಇಳಿತದ ಮಾತು. ಒಂದು ಸಲ ಕಾರವಾರಕ್ಕೆ ಹೋಗಿದ್ದೆ. ಅಲ್ಲಿಯ ಮೀನುಗಾರರ ಜೊತೆ ಎರಡು ದಿನ ಕಡಲ ದಂಡೆಯಲ್ಲಿ ಕೂತೆ. ಜೂನ್ 1ರಿಂದ ಜುಲೈ 31ರ ತನಕ 61 ದಿನ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ, ಬಲೆ ಹೊಲಿಯುತ್ತ ಕೂರುತ್ತೇವೆ ಅಂದರು. ಸಮುದ್ರ ದಿನಕ್ಕೆ ಎರಡು ಸಲ ಏರುತ್ತದೆ, ಎರಡು ಸಲ ಇಳಿಯುತ್ತದೆ. ಅವರಿಗೆ ಅದು ಉಸಿರಿನ ಹಾಗೆ, ಗಮನಕ್ಕೇ ಬರುವುದಿಲ್ಲ. ನಮ್ಮದು ವರ್ಷಕ್ಕೊಂದೇ ಭರತ, ಒಂದೇ ಇಳಿತ.

ಮಳೆ ಅಲ್ಲಿ ಮಹಾರಾಷ್ಟ್ರದ ಘಟ್ಟದಲ್ಲಿ, ಹೊಳೆ ಇಲ್ಲಿ. ಮಹಾಬಳೇಶ್ವರದಲ್ಲಿ ವರ್ಷಕ್ಕೆ 5,000 ಮಿಲಿಮೀಟರಿಗೂ ಹೆಚ್ಚು ಸುರಿಯುತ್ತದೆ. ನಾವೋ ಮಳೆ ನೆರಳಿನವರು, ಆಕಾಶ ನೋಡಿ ಕುತ್ತಿಗೆ ನೋಯಿಸಿಕೊಂಡವರು. ನಮ್ಮ ಹೊಲದಲ್ಲಿ ಹನಿ ಬಿದ್ದಿರುವುದಿಲ್ಲ, ಅಷ್ಟರಲ್ಲಿ ಹೊಳೆಗೆ ಕೆಂಪು ನೀರು ಬಂದಿರುತ್ತದೆ. ಆಗಸ್ಟಿನ ಹೊತ್ತಿಗೆ ಜಲಾಶಯ 519.60 ಮೀಟರಿಗೆ ಮುಟ್ಟುತ್ತದೆ, ಒಳಗೆ 123 ಟಿಎಂಸಿ ನೀರು. ಆಗ ನಮ್ಮೂರಿನಿಂದ ನೋಡಿದರೆ ಆಚೆ ದಂಡೆ ಒಂದು ಪೆನ್ಸಿಲ್ ಗೆರೆ. ಗಾಳಿ ಬಿಟ್ಟರೆ ತೆರೆ ಏಳುತ್ತವೆ. ಕೊರ್ತಿ-ಕೊಲ್ಹಾರ ಸೇತುವೆಯ ಮೇಲೆ ಬಸ್ಸಿನಲ್ಲಿ ಹೋಗುವಾಗ ಹೊಸಬರು ಮಾತು ನಿಲ್ಲಿಸಿ ಕಿಟಕಿಗೆ ಮುಖ ಹಚ್ಚುತ್ತಾರೆ. ದಾಟಿದ ಮೇಲೆ ಕೊಲ್ಹಾರದಲ್ಲಿ ಗಡಿಗೆ ಮೊಸರು. ಚಾಕುವಿನಿಂದ ಕೊಯ್ಯಬೇಕು, ಅಷ್ಟು ಗಟ್ಟಿ. ಊರು ಜಾಗ ಬಿಟ್ಟಿತು, ಮೊಸರು ಹದ ಬಿಟ್ಟಿಲ್ಲ.

ಹೊಳೆ ತುಂಬಿದರೆ ಸಂತೋಷವೇ ಅಂತಲ್ಲ. 2009ರಲ್ಲಿ, 2019ರಲ್ಲಿ ನೆರೆ ಬಂದಾಗ ಏನಾಯಿತು ಅಂತ ಈ ಸೀಮೆಯ ಯಾರನ್ನು ಕೇಳಿದರೂ ಹೇಳುತ್ತಾರೆ. ನಾನು ಆ ದಿನಗಳ ಬಗ್ಗೆ ಇನ್ನೂ ಒಂದಕ್ಷರ ಬರೆದಿಲ್ಲ. ಬರೆಯಲು ಬರುತ್ತಿಲ್ಲ.

ದೀಪಾವಳಿ ದಾಟಿದ ಮೇಲೆ ಇಳಿತ. ನೀರು ಹಿಂದೆ ಸರಿದಂತೆ ರೈತರು ಅದರ ಬೆನ್ನು ಹತ್ತಿ ಬಿತ್ತುತ್ತ ಹೋಗುತ್ತಾರೆ. ಹಸಿ ರೇವೆ ಮಣ್ಣಿನಲ್ಲಿ ಕಡಲಿ, ಗೋದಿ, ಜೋಳ. ಕಾಗದದ ಮೇಲೆ ಆ ಭೂಮಿ ಅವರದಲ್ಲ, ಪರಿಹಾರ ತಗೊಂಡಾಗಿದೆ. ಆದರೆ ಎತ್ತಿಗೆ ಕಾಗದ ಓದಲು ಬರುವುದಿಲ್ಲವಲ್ಲ, ಹಳೇ ಬದು ನೆನಪಿನಿಂದಲೇ ತಿರುಗುತ್ತದೆ. ಬೇಸಿಗೆಯಲ್ಲಿ ಫ್ಲೆಮಿಂಗೊ ಹಕ್ಕಿಗಳೂ ಇಳಿಯುತ್ತವೆ, ಬಾಗಲಕೋಟೆ, ವಿಜಯಪುರದಿಂದ ಕ್ಯಾಮೆರಾದವರು ಬರುತ್ತಾರೆ. ನನ್ನ ಕಣ್ಣು ಮಾತ್ರ ಬೇರೆ ಕಡೆ. ಮೇ ತಿಂಗಳ ಹೊತ್ತಿಗೆ ನಮ್ಮೂರಿನ ತಳಪಾಯ ಒಂದೊಂದೇ ತಲೆ ಎತ್ತುತ್ತವೆ.

ನನ್ನ ಬರವಣಿಗೆಯ ಪಂಚಾಂಗವೂ ಹೀಗೇ ಆಗಿದೆ. ನೀರು ತುಂಬಿದಾಗ ಬರೆಯುವುದು, ನೀರು ಇಳಿದಾಗ ತಿರುಗುವುದು.

ಹಾಗೆ ತಿರುಗುವಾಗ ಹುಟ್ಟಿದ್ದು ನಕಾಶೆಯ ಕೆಲಸ. ನಾವು ಕಳೆದುಕೊಂಡದ್ದು ಏನು ಅಂತ ಕೇಳಿದರೆ ಎಲ್ಲರೂ ಹೊಲ, ಮನೆ ಅನ್ನುತ್ತಾರೆ. ಅವಕ್ಕೆ ಕಡಿಮೆಯೋ ಹೆಚ್ಚೋ ಒಂದು ಬೆಲೆ ಬಂತು. ಬೆಲೆ ಬರದೆ ಹೋದದ್ದು ನೆರೆಮನೆ. ಹೊಸ ಊರಿನಲ್ಲಿ ಪ್ಲಾಟು ಹಂಚಿದಾಗ ಚೀಟಿ ಎತ್ತಿದರು, ನಂಬರು ಬಂದಲ್ಲಿ ಮನೆ ಕಟ್ಟಿದರು. ಬಾಗಲಕೋಟೆ ಪೇಟೆಯವರು ನವನಗರದಲ್ಲಿ ಸೆಕ್ಟರು ಸೆಕ್ಟರಾಗಿ ಹಂಚಿಹೋದ ಹಾಗೆ ನಮ್ಮ ಓಣಿಗಳೂ ಚೆದುರಿದವು. ನೂರಾರು ವರ್ಷ ಗೋಡೆಗೆ ಗೋಡೆ ಹಚ್ಚಿಕೊಂಡು ಬಾಳಿದವರು, ಕೆಂಡ ಕೇಳಲು, ಹಾಲಿಗೆ ಹೆಪ್ಪು ಕೇಳಲು ಹೋದವರು, ಈಗ ಒಬ್ಬರು ಈ ತುದಿ, ಒಬ್ಬರು ಆ ತುದಿ. ನಮ್ಮವ್ವ ಇವತ್ತಿಗೂ ದಾರಿ ಹೇಳುವಾಗ ಹಳೇ ಊರಿನ ಲೆಕ್ಕದಲ್ಲೇ ಹೇಳುತ್ತಾಳೆ. "ತಮ್ಮಾ, ಮ್ಯಾಲಿನ ಓಣ್ಯಾಗ ಅವ್ರ ಮನಿ" ಅಂದರೆ, ಆ ಓಣಿಯ ಮೇಲೆ ಮೀನು ಆಡುತ್ತಿರುತ್ತವೆ.

ಕೂಡಲಸಂಗಮಕ್ಕೆ ಹೋದವರು ನೋಡಿದ್ದೀರಿ. ಬಸವಣ್ಣನವರ ಐಕ್ಯಸ್ಥಳಕ್ಕೆ ನೀರು ಬರಬಾರದೆಂದು ಸುತ್ತ ಬಾವಿಯ ಹಾಗೆ ಗೋಡೆ ಕಟ್ಟಿದ್ದಾರೆ. ಹೊರಗೆ ಹೊಳೆ, ಒಳಗೆ ಮೆಟ್ಟಿಲಿಳಿದು ಹೋಗಬೇಕು. ನಮ್ಮ ಸಾಮಾನ್ಯ ಓಣಿಗೆ ಅಂಥ ಬಾವಿ ಯಾರು ಕಟ್ಟಿಯಾರು? ಕಾದಂಬರಿಯಲ್ಲಾದರೂ ಆ ಮನೆಗಳನ್ನು ಮತ್ತೆ ಮಗ್ಗಲಿಗೆ ಮಗ್ಗಲು ಕೂಡಿಸಬೇಕು ಅನ್ನಿಸಿತು. ಕೂಡಿಸಬೇಕಾದರೆ ಯಾರ ಮನೆ ಎಲ್ಲಿತ್ತು ಅಂತ ಮೊದಲು ಗೊತ್ತಾಗಬೇಕು.

ಹಣಮಪ್ಪನ ಗುಡಿ ಕಟ್ಟೆಯ ಮೇಲೆ ನಾಲ್ಕು ಡ್ರಾಯಿಂಗ್ ಹಾಳೆ ಅಂಟಿಸಿ ಹಾಸಿದೆ. ಹಿರಿಯರು ಕೂತರು. ಅಗಸಿ ಬಾಗಿಲು, ಚಾವಡಿ, ಮಠ, ಮಸೂತಿ, ಈ ನಾಲ್ಕಕ್ಕೆ ತಕರಾರಿಲ್ಲ, ಹತ್ತು ನಿಮಿಷದಲ್ಲಿ ಮುಗಿಯಿತು. ಆಮೇಲೆ ಮನೆ. ಅಲ್ಲಿ ಶುರುವಾಯಿತು ನೋಡಿ. "ಅವ್ರ ಮನಿ ಮುಂದ ಬೇವಿನ ಗಿಡ" ಅಂತ ಒಬ್ಬರು. "ಬೇವಿಂದಲ್ಲೋ, ಹುಣಸಿ ಗಿಡ" ಅಂತ ಇನ್ನೊಬ್ಬರು. ಹೋಳಿ ಹಬ್ಬಕ್ಕೆ ಹಲಗಿ ಬಡಿಯುತ್ತ ಯಾವ ಸಂದಿಯಿಂದ ಬರುತ್ತಿದ್ದೆವು ಅಂತ ಒಬ್ಬ ಎದ್ದು ನಡೆದೇ ತೋರಿಸಿದ. ನನ್ನ ರಬ್ಬರು ಎರಡು ದಿನಕ್ಕೆ ಸವೆಯಿತು. ಇಪ್ಪತ್ತು ವರ್ಷ ಮಾತು ಬಿಟ್ಟಿದ್ದ ಅಣ್ಣತಮ್ಮಂದಿರಿಬ್ಬರು ತಮ್ಮ ಮನೆಯ ಬೆಳಕಿಂಡಿ ಎಷ್ಟಿದ್ದವು ಅನ್ನುವ ಲೆಕ್ಕಕ್ಕೆ ಮಾತಾಡಿದರು. ಐದು ಅಂತ ಇಬ್ಬರೂ ಒಪ್ಪಿದರು, ಮತ್ತೆ ಮಾತು ಬಿಟ್ಟರು.

ಒಬ್ಬ ಹುಡುಗ ಮಾತ್ರ ಬೇರೆಯದೇ ಪ್ರಶ್ನೆ ಹಾಕಿದ. ಅಣೆಕಟ್ಟೆಯನ್ನು 524.256 ಮೀಟರಿಗೆ ಏರಿಸಬಹುದು ಅಂತ 2010ರಲ್ಲಿ ಕೃಷ್ಣಾ ನೀರು ಹಂಚುವ ನ್ಯಾಯಮಂಡಳಿ ಹೇಳಿದ್ದು ನಿಮಗೆಲ್ಲ ಗೊತ್ತು. ನಮ್ಮ ಕಡೆ ಮಗುವಿಗೂ ಈ ಸಂಖ್ಯೆ ಪಾಯಿಂಟಿನ ಮುಂದಿನ ಅಂಕಿ ಸಹಿತ ಬರುತ್ತದೆ. "ಸರ್, ಈ ಊರೂ ಹೋದರ ಇದಕ್ಕೂ ನಕಾಶಿ ಈಗಽ ತಗೀರಲ್ಲ, ಆಮ್ಯಾಲೆ ಜಗಳ ಇರೂದಿಲ್ಲ" ಅಂದ. ಎಲ್ಲರೂ ನಕ್ಕರು. ನಾನು ಆ ರಾತ್ರಿ ನನ್ನ ಗಿಡ್ಡ ಕಾಲಿನ ಮೇಜು ಎಷ್ಟನೇ ಮೀಟರಿನ ಮೇಲೆ ನಿಂತಿದೆ ಅಂತ ಲೆಕ್ಕ ಹಾಕುತ್ತ ಭಾಳ ಹೊತ್ತು ಮಲಗಲಿಲ್ಲ.

ನಕಾಶೆಯಿಂದ ಹೊಸ ಕಾದಂಬರಿ ಶುರುವಾಯಿತು. ಏಳನೇ ಅಧ್ಯಾಯ ಮುಗಿದಾಗ ಅದೇ ಕಟ್ಟೆಯ ಮೇಲೆ ಓದಿದೆ. ಅದರಲ್ಲಿ ಮಗ್ಗಲ ಮನೆಯ ಇಬ್ಬರು ಹೆಂಗಸರು ನಡುಗೋಡೆಯ ಮೇಲಿಂದ ಮಾತಾಡುವ ಒಂದು ಸಂಜೆ ಬರುತ್ತದೆ. ಆ ಇಬ್ಬರು ಯಾರು ಅಂತ ಊರಿಗೆಲ್ಲ ಗೊತ್ತು, ಇಬ್ಬರೂ ಕೇಳುತ್ತ ಕೂತಿದ್ದರು. ಹೊಸ ಊರಿಗೆ ಬಂದ ಮೇಲೆ ಮದುವೆ ಮುಂಜಿ ಬಿಟ್ಟರೆ ಭೇಟಿಯಿಲ್ಲದವರು. ಓದಿ ಮುಗಿಸಿ ತಲೆ ಎತ್ತಿದೆ. ಒಬ್ಬಾಕೆ ಕಣ್ಣೊರೆಸಿಕೊಳ್ಳುತ್ತಿದ್ದಳು. ಇನ್ನೊಬ್ಬಾಕೆ ಸೆರಗು ಸರಿಮಾಡಿಕೊಂಡು, "ಎಲ್ಲಾ ಛಲೋ ಬರದೀಯಪಾ. ಆದ್ರ ಗ್ವಾಡಿ ಎಡಕ್ಕಿತ್ತು, ನೀ ಬಲಕ್ಕ ಬರದೀ. ಈಕಿ ಕೋಳಿ ಗ್ವಾಡಿ ಹಾರಿ ನಮ್ಮ ಹಿತ್ತಲಕ ಬರತಿದ್ವು" ಅಂದಳು. ಅಳುತ್ತಿದ್ದಾಕೆ ತಟ್ಟನೆ ಅಳು ನಿಲ್ಲಿಸಿ, "ನನ್ನ ಕೋಳಿ? ನಿನ್ನ ಆಡು ನಮ್ಮ ಬಳ್ಳಿ ತಿಂದದ್ದು ಮರತೀಯೇನ ಯಕ್ಕಾ?" ಅಂದಳು. ಅಲ್ಲಿಂದ ಹತ್ತಿದ ಜಗಳ ದೀಪ ಹಚ್ಚುವ ಹೊತ್ತಿನ ತನಕ ನಡೆಯಿತು. ಹೋಗುವಾಗ ಇಬ್ಬರೂ ಜೊತೆಗೇ ಹೋದರು, ಬೈದುಕೊಳ್ಳುತ್ತಲೇ.

ಗೋಡೆ ಎಡಕ್ಕಿತ್ತೋ ಬಲಕ್ಕಿತ್ತೋ ಇನ್ನೂ ಇತ್ಯರ್ಥವಾಗಿಲ್ಲ. ಏಳನೇ ಅಧ್ಯಾಯ ಹಾಗೇ ಮೇಜಿನ ಮೇಲಿದೆ. ಮೇ ತಿಂಗಳಲ್ಲಿ ನೀರು ಇಳಿದಾಗ ಟೇಪು ಹಿಡಿದು ಹೋಗಿ ನೋಡಬೇಕು. ಇಬ್ಬರೂ ತಾವೂ ಬರುತ್ತೇವೆ ಅಂದಿದ್ದಾರೆ, ಒಬ್ಬರನ್ನು ಬಿಟ್ಟು ಒಬ್ಬರನ್ನು ಕರೆದುಕೊಂಡು ಹೋಗುವ ಹಾಗಿಲ್ಲವಂತೆ.

ನಮಸ್ಕಾರ.